ಇನ್ನೂರು ಪುಲ್ ರಿಕ್ವೆಸ್ಟ್ ಬಂದು ಬಿದ್ದಾಗ ಮೇಂಟೇನರ್ ಏನು ಮಾಡಬೇಕು?

ಪ್ರಶ್ನೆ: ಹಳೆಯ ನುಡಿ, ಬರಹ ಫಾಂಟುಗಳ ಬರವಣಿಗೆಯನ್ನು ಯೂನಿಕೋಡ್‌ಗೆ ಬದಲಿಸುವ ಒಂದು ಚಿಕ್ಕ ಲೈಬ್ರರಿಯನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಇಟ್ಟು, ಅದರ ಮೇಂಟೇನರ್ ಆಗಿ ನೋಡಿಕೊಳ್ಳುತ್ತಿದ್ದೇನೆ. ನಾಲ್ಕು ವರ್ಷ ತಿಂಗಳಿಗೆ ಒಂದೋ ಎರಡೋ ಪುಲ್ ರಿಕ್ವೆಸ್ಟ್, ಅಂದರೆ ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಬರುತ್ತಿತ್ತು. ಹೋದ ಆರು ತಿಂಗಳಲ್ಲಿ 200 ಬಂದಿವೆ. ಅರ್ಧಕ್ಕಿಂತ ಜಾಸ್ತಿ ಎಐ ಬರೆದ ಹಾಗೆ ಕಾಣುತ್ತವೆ. ಒಬ್ಬರು ಮಾತ್ರ ಅರ್ಕಾವೊತ್ತಿನ ತಪ್ಪನ್ನು ಚೆನ್ನಾಗಿ ತಿದ್ದಿ, ಟೆಸ್ಟ್ ಕೂಡ ಬರೆದು ಮೂರು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದ್ದಾರೆ. ಅವರಿಗೂ ಎರಡು ತಿಂಗಳಿಂದ ಉತ್ತರ ಕೊಡಲು ಆಗಿಲ್ಲ. ದಿನಾ ರಾತ್ರಿ ಕೂತು ಓದುತ್ತೇನೆ, ಮುಗಿಯುವುದೇ ಇಲ್ಲ. ಲಿನಕ್ಸ್‌ನಂಥ ಯೋಜನೆಗಳಿಗೆ ಸಾವಿರಗಟ್ಟಲೆ ಬರುತ್ತವಲ್ಲ, ಅವರು ಹೇಗೆ ನಿಭಾಯಿಸುತ್ತಾರೆ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಓದುವ ವೇಗ ಕಡಿಮೆ ಅಂತ ಅಂದುಕೊಳ್ಳಬೇಡಿ. ಬಂದದ್ದನ್ನೆಲ್ಲ ನೀವೇ ಓದಬೇಕು ಅಂದುಕೊಂಡಿದ್ದೀರಿ, ತೊಂದರೆ ಅಲ್ಲಿದೆ. ಲಿನಕ್ಸ್‌ನಲ್ಲಿ ಯಾರೂ ಹಾಗೆ ಓದುವುದಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅಂತೂ ಬಹುಪಾಲು ಓದುವುದೇ ಇಲ್ಲ.

ಲೆಕ್ಕ ನೋಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊರಬರುತ್ತದೆ. ಒಂದೊಂದು ಆವೃತ್ತಿಗೂ 10,000ಕ್ಕಿಂತ ಹೆಚ್ಚು ಬದಲಾವಣೆಗಳು ಸೇರುತ್ತವೆ. ಅವನ್ನು ಬರೆದವರು ಸುಮಾರು 2000 ಜನ. ಹಗಲು ರಾತ್ರಿ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ ಆರೇಳು ಬದಲಾವಣೆ ಆಯಿತು. ಅದೂ ಒಳಗೆ ಸೇರಿದ್ದು ಮಾತ್ರ. ತಿರಸ್ಕಾರ ಆದದ್ದು, ತಿದ್ದಿ ಎರಡನೇ ಸಲ, ಮೂರನೇ ಸಲ ಕಳಿಸಿದ್ದು ಈ ಲೆಕ್ಕದಲ್ಲಿಲ್ಲ. ಇಷ್ಟನ್ನು ಒಬ್ಬ ಮನುಷ್ಯ ಓದಿ ಮುಗಿಸಲು ಸಾಧ್ಯವೇ ಇಲ್ಲ, ಅಲ್ವಾ?

ಆದರೆ ಅಲ್ಲೂ ಒಂದು ಕಾಲದಲ್ಲಿ ನಿಮ್ಮ ಪರಿಸ್ಥಿತಿಯೇ ಇತ್ತು. ಈ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲೇ.

1990ರ ದಶಕದಲ್ಲಿ ಪ್ಯಾಚ್‌ಗಳು ಇಮೇಲ್‌ನಲ್ಲಿ ಲೈನಸ್‌ಗೆ ಹೋಗುತ್ತಿದ್ದವು. ಅವರು ಒಂದೊಂದಾಗಿ ನೋಡಿ, ಇಷ್ಟವಾದರೆ ತಮ್ಮ ಪ್ರತಿಗೆ ಸೇರಿಸಿಕೊಳ್ಳುತ್ತಿದ್ದರು. ಇಷ್ಟವಾಗದಿದ್ದರೆ ಅಥವಾ ಕಣ್ಣಿಗೆ ಬೀಳದಿದ್ದರೆ ಉತ್ತರವೇ ಇಲ್ಲ. ಕಳಿಸಿದವರಿಗೆ ಈ ಎರಡರಲ್ಲಿ ಯಾವುದು ಕಾರಣ ಅಂತ ಗೊತ್ತಾಗುತ್ತಿರಲಿಲ್ಲ. ಮತ್ತೆ ಕಳಿಸುತ್ತಿದ್ದರು, ಮತ್ತೂ ಕಳಿಸುತ್ತಿದ್ದರು. ಹೀಗೆ ರಾಶಿ ಇನ್ನೂ ಬೆಳೆಯುತ್ತಿತ್ತು. 1998ರಲ್ಲಿ ಇದು ದೊಡ್ಡ ಜಗಳವಾಯಿತು. ಯೋಜನೆ ಬೆಳೆದಷ್ಟು ಲೈನಸ್ ಬೆಳೆಯಲು ಆಗದು, ಅವರೂ ಒಬ್ಬ ಮನುಷ್ಯ ಅಂತ ಜೊತೆಯವರೇ ಬಾಯಿಬಿಟ್ಟು ಹೇಳಿದರು. 2002ರ ಜನವರಿಯಲ್ಲಿ ಮತ್ತೆ ಅದೇ ಕೂಗು. ಈ ಸಲ ಒಂದು ಸಲಹೆಯೂ ಬಂತು. ಕಳೆದುಹೋಗುವ ಪ್ಯಾಚ್‌ಗಳನ್ನು ಕೂಡಿಸಿ, ಸೋಸಿ, ಲೈನಸ್ ಕೈಗೆ ಕೊಡಲು ಒಬ್ಬರನ್ನು ನೇಮಿಸಿ ಅಂತ.

ಕೇಳಲು ಸರಿಯಾಗೇ ಇದೆ. ನೀವೂ ಇದನ್ನೇ ಯೋಚಿಸಿರಬಹುದು: ಒಬ್ಬ ಸಹಾಯಕ ಸಿಕ್ಕರೆ ಸಾಕು ಅಂತ. ಲೈನಸ್ ಒಪ್ಪಲಿಲ್ಲ. ನಡುವೆ ಒಬ್ಬರನ್ನು ಕೂರಿಸಿದರೆ ಆ ಒಬ್ಬರೂ ತಮ್ಮ ಹಾಗೇ ಸೋಲುತ್ತಾರೆ ಎಂಬುದು ಅವರ ವಾದ. ಬದಲಿಗೆ ಅವರು ಹೇಳಿದ್ದು ಇಷ್ಟು. ನಾನು ನಂಬುವ ಕೆಲವೇ ಜನರ ಜೊತೆ ನಾನು ಕೆಲಸ ಮಾಡುತ್ತೇನೆ. ಅವರು ತಾವು ನಂಬುವವರ ಜೊತೆ ಮಾಡಲಿ. ಹೊಸಬರು ನೇರ ನನ್ನ ಹತ್ತಿರ ಬರುವುದು ಬೇಡ, ಆ ಭಾಗ ನೋಡಿಕೊಳ್ಳುವವರ ಹತ್ತಿರ ಹೋಗಲಿ.

ಆಗ ಇದು ಅನೇಕರಿಗೆ ಸೊಕ್ಕಿನ ಮಾತಿನಂತೆ ಕೇಳಿಸಿತು. ನನಗೆ ಇದು ಸೊಕ್ಕು ಅನಿಸುವುದಿಲ್ಲ. ತನ್ನ ಮಿತಿಯನ್ನು ಒಪ್ಪಿಕೊಂಡವರ ಮಾತು ಇದು. ಆಮೇಲೆ ಬಂದದ್ದೆಲ್ಲ ಈ ಒಂದು ತೀರ್ಮಾನದ ಮೇಲೆ ನಿಂತಿದೆ. ಅದೇ ವರ್ಷ ಫೆಬ್ರವರಿಯಲ್ಲಿ ಅವರು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಬಿಟ್‌ಕೀಪರ್ ಎಂಬ ಸಲಕರಣೆ ಬಳಸಲು ಶುರು ಮಾಡಿದರು. 2005ರ ಏಪ್ರಿಲ್‌ನಲ್ಲಿ ಅದನ್ನು ಉಚಿತವಾಗಿ ಬಳಸುವ ಅವಕಾಶ ತಪ್ಪಿತು. ಆಗ ಲೈನಸ್ ಅದರ ಬದಲಿಗೆ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪ ಬರೆದರು. ನಾವು ದಿನಾ ಬಳಸುವ ಪುಲ್ ಎಂಬ ಪದದ ಅರ್ಥ ಇಲ್ಲಿದೆ. ಯಾರೂ ಲೈನಸ್ ಮೇಲೆ ಕೋಡ್ ತಂದು ಸುರಿಯುವುದಿಲ್ಲ. ತಾವು ನಂಬಿದವರ ಮನೆಯಿಂದ ಅವರೇ ಹೋಗಿ ತೆಗೆದುಕೊಂಡು ಬರುತ್ತಾರೆ. ಇನ್ನೊಂದನ್ನೂ ಗಮನಿಸಿ. ಅದೇ ವರ್ಷ ಜುಲೈನಲ್ಲಿ ಗಿಟ್ ಯೋಜನೆಯನ್ನೇ ಅವರು ಜುನಿಯೊ ಹಮಾನೊ ಅವರ ಕೈಗೆ ಒಪ್ಪಿಸಿದರು. ಹುಟ್ಟಿ ನಾಲ್ಕು ತಿಂಗಳೂ ತುಂಬದ ಕೂಸನ್ನು ಕೊಟ್ಟುಬಿಟ್ಟರು. ಹಮಾನೊ ಇವತ್ತಿಗೂ ಅದನ್ನು ನೋಡಿಕೊಳ್ಳುತ್ತಿದ್ದಾರೆ.

ಈಗ ಕರ್ನಲ್‌ನ ಒಳಗೆ ಮೇಂಟೇನರ್ಸ್ ಎಂಬ ಒಂದು ಫೈಲ್ ಇದೆ. ಯಾವ ಭಾಗ ಯಾರ ಹೊಣೆ ಅಂತ ಬರೆದಿಟ್ಟ ಪಟ್ಟಿ ಅದು. ಯಾವ ಭಾಗ ಚೆನ್ನಾಗಿ ನಡೆಯುತ್ತಿದೆ, ಯಾವುದಕ್ಕೆ ಆಗೀಗ ಮಾತ್ರ ಯಾರೋ ಕೈ ಹಾಕುತ್ತಾರೆ, ಯಾವುದು ಅನಾಥ ಎಂಬುದನ್ನೂ ಅಲ್ಲೇ ಬರೆಯುತ್ತಾರೆ. ‘ಅನಾಥ’ ಅಂತ ಬರೆಯಲು ಅವರಿಗೆ ನಾಚಿಕೆ ಇಲ್ಲ. ಇದು ನನಗೆ ತುಂಬ ಹಿಡಿಸುತ್ತದೆ. ನೋಡುವವರಿಲ್ಲ ಅಂತ ಹೇಳಿಬಿಟ್ಟರೆ ಕಳಿಸುವವರು ಸುಮ್ನೆ ಕಾಯುವುದಿಲ್ಲ. ಕೆಲವೊಮ್ಮೆ ನಾನು ನೋಡಿಕೊಳ್ಳುತ್ತೇನೆ ಅಂತ ಒಬ್ಬರು ಮುಂದೆ ಬರುತ್ತಾರೆ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಕೂತು ಈ ಪಟ್ಟಿಯಲ್ಲಿ ಹೆಸರು ಪಡೆದ ಎಂಜಿನಿಯರುಗಳಿದ್ದಾರೆ. ಚಿಕ್ಕ ಡ್ರೈವರ್ ಒಂದನ್ನು ತಿದ್ದುತ್ತಾ ತಿದ್ದುತ್ತಾ ಅದರ ಹೊಣೆ ಹೊತ್ತುಕೊಳ್ಳುವುದು ಅಲ್ಲಿ ಮಾಮೂಲಿ ದಾರಿ.

ಸಮಯಕ್ಕೂ ಅವರು ಬೇಲಿ ಹಾಕಿದ್ದಾರೆ. ಹೊಸ ಆವೃತ್ತಿ ಬಿಟ್ಟ ಮೇಲೆ ಎರಡು ವಾರ ಮಾತ್ರ ಬಾಗಿಲು ತೆರೆದಿರುತ್ತದೆ. ಮರ್ಜ್ ವಿಂಡೋ ಅನ್ನುತ್ತಾರೆ. ಹೊಸ ಕೆಲಸವೆಲ್ಲ ಆಗಲೇ ಸೇರಬೇಕು. ಆಮೇಲಿನ ಏಳೆಂಟು ವಾರ ತಪ್ಪು ತಿದ್ದುವುದಕ್ಕೆ ಮೀಸಲು. ಬಾಗಿಲು ತೆರೆಯುವ ಮುಂಚೆಯೇ ಎಲ್ಲ ಭಾಗಗಳ ಕೆಲಸವನ್ನು ಲಿನಕ್ಸ್ ನೆಕ್ಸ್ಟ್ ಎಂಬ ಒಂದು ಪ್ರತಿಯಲ್ಲಿ ದಿನಾ ಕೂಡಿಸಿ, ಎಲ್ಲಿ ಡಿಕ್ಕಿ ಹೊಡೆಯುತ್ತದೆ ಅಂತ ನೋಡಿರುತ್ತಾರೆ. 2008ರಿಂದ ಇದು ನಡೆಯುತ್ತಿದೆ. ಹಾಗಾಗಿ ಆ ಎರಡು ವಾರದಲ್ಲಿ ಲೈನಸ್ ಮುಂದೆ ಬರುವುದು ಬಹುಪಾಲು ಅವರಿಗೆ ಪರಿಚಯ ಇರುವ ಮೇಂಟೇನರ್‌ಗಳ ಗಂಟುಗಳು. ಅವರು ಗಂಟು ಬಿಚ್ಚಿ ಸಾಲು ಸಾಲು ಓದುವುದಿಲ್ಲ. ಕಳಿಸಿದವರು ಯಾರು, ಜೊತೆಗೆ ಏನು ವಿವರಣೆ ಬರೆದಿದ್ದಾರೆ, ಹಾಕಬಾರದ ಕಡೆ ಕೈ ಹಾಕಿದ್ದಾರಾ, ಹೊತ್ತಿಗೆ ಸರಿಯಾಗಿ ಕಳಿಸಿದ್ದಾರಾ ಅಂತ ನೋಡುತ್ತಾರೆ.

2025ರ ಆಗಸ್ಟ್‌ನಲ್ಲಿ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ಬಗೆಗೆ ಸಂಬಂಧಪಟ್ಟ ಭಾಗದ ಕೆಲಸ ಬಾಗಿಲು ಮುಚ್ಚುವ ಹೊತ್ತಿಗೆ ಬಂತು. ಅದರಲ್ಲಿ ಎಲ್ಲರೂ ಬಳಸುವ ಹೆಡರ್ ಫೈಲಿಗೂ ಕೈ ಹಾಕಿದ್ದರು. ಲೈನಸ್ ಇಡೀ ಗಂಟನ್ನೇ ವಾಪಸ್ ಕಳಿಸಿದರು. ಆ ಆವೃತ್ತಿಗೆ ಅದು ಸೇರಲಿಲ್ಲ. ವಾಪಸ್ ಕಳಿಸಿದ್ದು ಸರಿ. ಬಳಸಿದ ಮಾತು ಒರಟಾಗಿತ್ತು, ಅದು ಸರಿಯಲ್ಲ. ತಮ್ಮ ಒರಟುತನಕ್ಕೆ ಅವರೇ 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಇದ್ದವರು. ತಮ್ಮ ಈಗಿನ ಕೆಲಸ ಕೋಡ್ ಬರೆಯುವುದಲ್ಲ, ಕೊನೆಗೆ ‘ಬೇಡ’ ಅನ್ನುವುದು ಅಂತ ಅವರು ಹೇಳಿದ್ದುಂಟು. ನಮ್ಮವರಿಗೆ ಈ ‘ಬೇಡ’ ತುಂಬ ಕಷ್ಟ. ದಾಕ್ಷಿಣ್ಯ ನಮ್ಮನ್ನು ಹಿಡಿದು ಎಳೆಯುತ್ತದೆ. ಪಾಪ, ಅಷ್ಟು ಕಷ್ಟಪಟ್ಟು ಬರೆದಿದ್ದಾರೆ, ಹೇಗೆ ಇಲ್ಲ ಅನ್ನೋದು ಅಂತ ಉತ್ತರ ಕೊಡದೆ ಇಟ್ಟುಕೊಳ್ಳುತ್ತೇವೆ. ಕಳಿಸಿದವರಿಗೆ ‘ಬೇಡ’ಕ್ಕಿಂತ ಈ ಮೌನವೇ ಜಾಸ್ತಿ ನೋವು ಕೊಡುತ್ತದೆ.

ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷ ನಾನೂ ಒಂದು ಚಿಕ್ಕ ಲೈಬ್ರರಿ ನೋಡಿಕೊಂಡಿದ್ದೆ. ಒಬ್ಬ ಹುಡುಗಿ ಒಂದು ಒಳ್ಳೆಯ ಪ್ಯಾಚ್ ಕಳಿಸಿದಳು. ಸಮಾಧಾನವಾಗಿ ಓದೋಣ ಅಂತ ಇಟ್ಟೆ. ಐದು ತಿಂಗಳು ಹಾಗೇ ಇತ್ತು. ಕೊನೆಗೆ ಓದಿ, ಎರಡು ಸಾಲು ತಿದ್ದಿ ಕಳಿಸಿ ಅಂತ ಬರೆದೆ. ಅವಳು ಆ ಕೆಲಸವನ್ನೇ ಬಿಟ್ಟು ಬೇರೆ ಕಡೆ ಹೋಗಿದ್ದಳು. ಪ್ಯಾಚ್ ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಅವಳು ಇದ್ದಿದ್ದರೆ ಮುಂದೆ ನೂರು ಪ್ಯಾಚ್ ಓದುತ್ತಿದ್ದಳು. ಆ ಬೇಸರ ಇವತ್ತಿಗೂ ಹೋಗಿಲ್ಲ.

ಇನ್ನು ಬೇರೆಯವರ ಪ್ಯಾಚ್ ಓದಿ ನೋಡುವ ಹೊಸಬರನ್ನು ಹೇಗೆ ಹುಟ್ಟಿಸುವುದು? ಇದಕ್ಕೆ ಎರಡು ಯೋಜನೆಗಳನ್ನು ನೋಡಿ ಕಲಿಯಬೇಕು.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನವರು ಕಮಿಟ್‌ಫೆಸ್ಟ್ ಅಂತ ನಡೆಸುತ್ತಾರೆ. ವರ್ಷಕ್ಕೆ ಐದು ಸಲ, ಒಂದೊಂದು ತಿಂಗಳು. ಆ ತಿಂಗಳು ಹೊಸದನ್ನು ಬರೆಯುವುದು ಬಿಟ್ಟು, ಕಾಯುತ್ತಿರುವ ಪ್ಯಾಚ್‌ಗಳನ್ನು ಓದಬೇಕು. ಅಲ್ಲಿ ಒಂದು ನಿರೀಕ್ಷೆ ಇದೆ. ನೀವು ಒಂದು ಪ್ಯಾಚ್ ಕೊಟ್ಟರೆ ಅಷ್ಟೇ ತೂಕದ ಬೇರೆಯವರ ಒಂದು ಪ್ಯಾಚ್ ಓದಿ ಕೊಡಬೇಕು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅನ್ನುತ್ತಾರಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಅದೇ ಲೆಕ್ಕ.

ಎರಡನೆಯದು ಕರ್ನಲ್‌ನ ನೆಟ್‌ವರ್ಕಿಂಗ್ ಭಾಗ. ಅದು ತುಂಬ ಗಿಜಿಗುಡುವ ಭಾಗ, ಹಾಗಾಗಿ ನಿಯಮಗಳೂ ಬಿಗಿ. ಒಂದು ಸಲಕ್ಕೆ 15ಕ್ಕಿಂತ ಜಾಸ್ತಿ ಪ್ಯಾಚ್ ಇರುವ ಸರಣಿ ಕಳಿಸುವಂತಿಲ್ಲ. ತಿದ್ದಿದ್ದನ್ನು 24 ಗಂಟೆ ಕಳೆಯುವ ಮುಂಚೆ ಮತ್ತೆ ಕಳಿಸುವಂತಿಲ್ಲ, ಬೇರೆಯವರಿಗೂ ಓದಲು ಹೊತ್ತು ಬೇಕಲ್ಲ. ಮೊದಲೇ ಕೂಡಿಸಿಟ್ಟದ್ದು ಲೈನಸ್‌ಗೆ ಹೋಗುವ ಮರ್ಜ್ ವಿಂಡೋದ ಎರಡು ವಾರ ಇವರು ಹೊಸ ಫೀಚರ್‌ಗಳನ್ನು ತೆಗೆದುಕೊಳ್ಳುವುದೇ ಇಲ್ಲ, ಆಮೇಲೆ ಬನ್ನಿ ಅನ್ನುತ್ತಾರೆ. ಇದರ ಜೊತೆಗೆ ಪ್ರತಿ ಆವೃತ್ತಿ ಮುಗಿದಾಗ ಒಂದು ಲೆಕ್ಕ ಹೊರಡಿಸುತ್ತಾರೆ. ಯಾರು ಎಷ್ಟು ಬರೆದರು ಅಂತ ಮಾತ್ರವಲ್ಲ, ಬೇರೆಯವರ ಕೋಡನ್ನು ಯಾರು ಎಷ್ಟು ಓದಿದರು, ಯಾವ ಕಂಪನಿ ಬರೀ ಬರೆದು ಸುರಿಯುತ್ತಿದೆ, ಯಾವುದು ಓದಲೂ ಕೈಜೋಡಿಸುತ್ತಿದೆ ಅಂತ. ಈ ಪಟ್ಟಿ ನನ್ನ ಪ್ರಕಾರ ಎಲ್ಲ ನಿಯಮಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ರಿವ್ಯೂ ಮಾಡುವುದಕ್ಕೆ ಹೆಸರು ಬಂದರೆ ಮಾಡುವವರು ಹುಟ್ಟುತ್ತಾರೆ.

ಯಂತ್ರಕ್ಕೆ ಬಿಡಬಹುದಾದ್ದನ್ನು ಯಂತ್ರಕ್ಕೇ ಬಿಡಿ. ಸ್ಪೇಸ್ ಸರಿ ಇಲ್ಲ, ಬಿಲ್ಡ್ ಆಗುತ್ತಿಲ್ಲ, ಟೆಸ್ಟ್ ಬೀಳುತ್ತಿದೆ ಎಂಬುದನ್ನು ಮನುಷ್ಯರು ಹೇಳಬಾರದು. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರಂಥ ಹಿರಿಯ ಮೇಂಟೇನರ್ ಕೂಡ ಮಾಮೂಲಿ ತಪ್ಪುಗಳಿಗೆ ಸಿದ್ಧ ಉತ್ತರ ಕಳಿಸಲು ಒಂದು ಬಾಟ್ ಇಟ್ಟುಕೊಂಡಿದ್ದಾರೆ. ಅದು ತನ್ನನ್ನು ಸ್ನೇಹದ ಬಾಟ್ ಅಂತ ಪರಿಚಯಿಸಿಕೊಂಡು, ಏನು ತಪ್ಪಾಗಿದೆ, ಹೇಗೆ ತಿದ್ದಬೇಕು ಅಂತ ಹೇಳುತ್ತದೆ. ಆದರೆ ಹಳೆಯದಾಯಿತು ಅಂತ ತಾನಾಗಿಯೇ ಮುಚ್ಚುವ ಬಾಟ್‌ಗಳ ಬಗ್ಗೆ ನನಗೆ ತಕರಾರಿದೆ. ಕುಬರ್ನೆಟಿಸ್‌ನಂಥ ದೊಡ್ಡ ಯೋಜನೆಗೆ ಅವು ಬೇಕಾಗಬಹುದು. ನಿಮ್ಮಷ್ಟು ಚಿಕ್ಕ ಕಡೆ, ಮನುಷ್ಯರ ಒಂದು ಮಾತೂ ಕೇಳದೆ ಬಾಗಿಲು ಮುಚ್ಚಿಸಿಕೊಂಡವರು ಮತ್ತೆ ಬರುವುದಿಲ್ಲ.

ಈಗ ಕಸದ ವಿಷಯ. ಇದು ಎಐಯಿಂದ ಶುರುವಾದದ್ದಲ್ಲ. 2020ರ ಅಕ್ಟೋಬರ್‌ನಲ್ಲಿ, ಇಂಥ ಯೋಜನೆಗಳಿಗೆ ಕೊಡುಗೆ ಕೊಡಲು ಜನರನ್ನು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ನಡೆದಾಗ ನಾಲ್ಕು ಪುಲ್ ರಿಕ್ವೆಸ್ಟ್ ಕೊಟ್ಟರೆ ಟೀಶರ್ಟ್ ಅಂತ ಇತ್ತು. ಜನ ಯೋಜನೆಯ ಪರಿಚಯ ಇರುವ ರೀಡ್‌ಮಿ ಫೈಲಿನಲ್ಲಿ ಒಂದು ಪದ ಸೇರಿಸಿ ಕಳಿಸತೊಡಗಿದರು. ಮೇಂಟೇನರ್‌ಗಳು ರೋಸಿಹೋದರು. ಮೊದಲ ವಾರದಲ್ಲೇ ಆಯೋಜಕರು ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗೆ ಮಾತ್ರ ಅಂತ ಮಾಡಬೇಕಾಯಿತು. ಆಮೇಲೆ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಗೆ ನಮ್ಮ ದೇಶದ ವಿದ್ಯಾರ್ಥಿಗಳು ತಮ್ಮ ಹೆಸರು ಸೇರಿಸಿದ ರೀಡ್‌ಮಿಗಳನ್ನು ಸಾಲುಗಟ್ಟಿ ಕಳಿಸಿದರು. ಪಾಠದ ವಿಡಿಯೋ ಒಂದರಲ್ಲಿ ಆ ಯೋಜನೆಯನ್ನೇ ಉದಾಹರಣೆಯಾಗಿ ತೋರಿಸಿದ್ದರು. ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಕೆಲಸ ಹುಡುಕುವ ಆತಂಕದಲ್ಲಿ ಹೇಳಿಕೊಟ್ಟದ್ದನ್ನು ಮಾಡಿದರು. ಆ ಕಡೆ ಕೂತು ಇದನ್ನು ಓದುವವರೂ ಮನುಷ್ಯರು ಅಂತ ಯಾರಾದರೂ ಅವರಿಗೆ ಹೇಳಿಕೊಡಬೇಕಿತ್ತು.

ಎಐ ಮಾಡಿದ್ದೇನೆಂದರೆ, ಕಸವನ್ನು ನೋಡಿದ ಕೂಡಲೇ ಗುರುತಿಸಲು ಆಗದ ಹಾಗೆ ಮಾಡಿತು. ಮೊದಲು ಕೆಟ್ಟ ಪ್ಯಾಚ್ ನೋಡಲೂ ಕೆಟ್ಟದಾಗಿ ಇರುತ್ತಿತ್ತು. ಈಗ ವಿವರಣೆ ಅಚ್ಚುಕಟ್ಟು, ಕಾಮೆಂಟ್ ಅಚ್ಚುಕಟ್ಟು, ಒಳಗೆ ಹುರುಳಿಲ್ಲ. ಬರೆಯಲು ಒಂದು ನಿಮಿಷ ಸಾಕು, ತಪ್ಪು ಅಂತ ತೋರಿಸಲು ಒಂದು ಗಂಟೆ ಬೇಕು. ಇಂಟರ್‌ನೆಟ್‌ನಲ್ಲಿ ಡೇಟಾ ಸಾಗಿಸುವ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಇದರಿಂದ ತುಂಬ ಅನುಭವಿಸಿದರು. ಭದ್ರತಾ ದೋಷ ತೋರಿಸಿದವರಿಗೆ 2019ರಿಂದ ಹಣ ಕೊಡುತ್ತಿದ್ದರು. ಇಲ್ಲದ ದೋಷಗಳ ವರದಿ ತುಂಬಿಕೊಂಡು, 2026ರ ಜನವರಿ ಕೊನೆಗೆ ಆ ಬಹುಮಾನವನ್ನೇ ನಿಲ್ಲಿಸಿದರು. ಆದರೆ 2025ರಲ್ಲಿ ಇದೇ ಸ್ಟೆನ್‌ಬರ್ಗ್, ಎಐ ಸಲಕರಣೆಗಳನ್ನು ಜಾಣತನದಿಂದ ಬಳಸಿ ನಿಜವಾದ ಹತ್ತಾರು ತಪ್ಪು ಹುಡುಕಿಕೊಟ್ಟವರನ್ನು ಮನಸಾರೆ ಹೊಗಳಿದರು. ಹಾಗಾಗಿ ಎಐ ಬಳಸಿದ್ದೀರಾ ಎಂಬ ಪ್ರಶ್ನೆಗಿಂತ, ಕಳಿಸಿದವರಿಗೆ ತಾವು ಕಳಿಸಿದ್ದು ಅರ್ಥವಾಗಿದೆಯಾ ಎಂಬ ಪ್ರಶ್ನೆ ದೊಡ್ಡದು. 2024ರಲ್ಲಿ ಜೆಂಟೂ, 2025ರಲ್ಲಿ ಕ್ಯೂಎಮು ಯೋಜನೆಗಳು ಎಐ ಕೋಡ್ ಬೇಡವೇ ಬೇಡ ಅಂದವು. ನೆಟ್‌ಬಿಎಸ್‌ಡಿಯವರು ಮೊದಲೇ ಲಿಖಿತ ಒಪ್ಪಿಗೆ ಇಲ್ಲದೆ ಬೇಡ ಅಂದರು. ಕರ್ನಲ್‌ನವರು ಬಳಸಿ, ಆದರೆ ಬಳಸಿದ್ದೀನಿ ಅಂತ ಹೇಳಿ, ಹೊಣೆಯ ಸಹಿ ಮನುಷ್ಯರದ್ದೇ ಇರಬೇಕು ಅನ್ನುತ್ತಾರೆ. ನಿಮಗೆ ನಾನು ಕರ್ನಲ್‌ನವರ ದಾರಿಯನ್ನೇ ಹೇಳುತ್ತೇನೆ. ಬೇಡವೇ ಬೇಡ ಅಂದರೆ ಅದನ್ನು ಪತ್ತೆಹಚ್ಚುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ.

ನಂಬಿಕೆಯ ಬಗ್ಗೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಲೈಬ್ರರಿಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು, ಅದನ್ನು ಬಹಿರಂಗವಾಗಿ ಹೇಳಿಕೊಂಡೂ ಇದ್ದರು. ಬೇರೆಯವರಿಗೆ ಬಿಟ್ಟುಕೊಡಿ ಅಂತ ಮುಖ ಕಾಣದ ಕೆಲವರು ಒತ್ತಡ ಹಾಕಿದರು. ಜಿಯಾ ಟಾನ್ ಎಂಬ ಹೆಸರಿನವರು 2021ರಿಂದ ಒಳ್ಳೊಳ್ಳೆ ಪ್ಯಾಚ್ ಕಳಿಸುತ್ತಾ ವಿಶ್ವಾಸ ಗಳಿಸಿ, ಸಹ ಮೇಂಟೇನರ್ ಆಗಿ, ಕೊನೆಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್ ಕೊನೆಗೆ ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್‌ಗೆ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದ ಒಳಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನ ಅನಿಸಿತು. ಬೆನ್ನು ಹತ್ತಿ ಹೋಗಿ ಹಿಡಿದರು. ಇದನ್ನು ಕೇಳಿ ಯಾರಿಗೂ ಕೊಡಲ್ಲ ಅಂತ ತೀರ್ಮಾನಿಸಬೇಡಿ. ಒಬ್ಬರೇ ದಣಿದು ಕೂತಾಗ ಕೊಟ್ಟದ್ದರಿಂದ ಆದ ಅನಾಹುತ ಅದು. ಶಕ್ತಿ ಇರುವಾಗಲೇ, ನೋಡುವ ಕಣ್ಣು ನಾಲ್ಕಾರು ಇರುವಾಗಲೇ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ನಿಮ್ಮ 200ಕ್ಕೆ ಬರೋಣ.

ಮೊದಲು ನಲ್ಲಿ ಮುಚ್ಚಿ. ಗಿಟ್‌ಹಬ್‌ನಲ್ಲಿ ಹಿಂದೆ ಕೊಡುಗೆ ಕೊಟ್ಟವರಿಗೆ ಮಾತ್ರ ಅವಕಾಶ ಅಂತ ಸ್ವಲ್ಪ ಕಾಲ ಮಿತಿ ಹಾಕುವ ಅನುಕೂಲ ಇದೆ. ಒಂದು ತಿಂಗಳು ಹಾಕಿ. ಯಾಕೆ ಅಂತ ರೀಡ್‌ಮಿಯಲ್ಲಿ ನಾಲ್ಕು ಸಾಲು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆಯಿರಿ.

ಆ ತಿಂಗಳಲ್ಲಿ ಪರೀಕ್ಷೆಗೆ ಪದಗಳ ಒಂದು ಫೈಲ್ ಮಾಡಿ. ನಿಮ್ಮ ಲೈಬ್ರರಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರ ಸಿಗುವುದಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ‘ಸೂರ್ಯ’ ಸರಿ ಬಂತಾ? ಅದೇ ಹೊತ್ತಿಗೆ ‘ರ‍್ಯಾಂಕ್’ ಕೆಡದೆ ಉಳಿಯಿತಾ? ಒಂದನ್ನು ತಿದ್ದಲು ಹೋಗಿ ಇನ್ನೊಂದನ್ನು ಕೆಡಿಸುವ ಪ್ಯಾಚ್‌ಗಳು ನಿಮ್ಮ ರಾಶಿಯಲ್ಲಿ ಖಂಡಿತ ಇರುತ್ತವೆ. ಕನ್ನಡ ಓದಲು ಬಾರದವರು ಎಐ ಕೈಲಿ ಬರೆಸಿದ್ದು ಅಲ್ಲೇ ಎಡವುತ್ತದೆ. ಇಂಥ ಮುನ್ನೂರು ಪದ ಇಟ್ಟು, ಪ್ರತಿ ಪುಲ್ ರಿಕ್ವೆಸ್ಟ್‌ಗೂ ತಾನಾಗೇ ಓಡುವ ಹಾಗೆ ಮಾಡಿ. ಬಿದ್ದವನ್ನು ನೀವು ತೆರೆದೂ ನೋಡಬೇಕಿಲ್ಲ.

ಟೆಸ್ಟ್ ಇಲ್ಲದ ಹಳೆಯವನ್ನೆಲ್ಲ ಒಂದು ಭಾನುವಾರ ಕೂತು ಮುಚ್ಚಿಬಿಡಿ. ಎಲ್ಲಕ್ಕೂ ಒಂದೇ ಉತ್ತರ ಸಾಕು: ನಿಮ್ಮ ಶ್ರಮಕ್ಕೆ ಧನ್ಯವಾದ, ನನ್ನೊಬ್ಬನಿಂದ ಇಷ್ಟನ್ನು ಓದಲು ಆಗುತ್ತಿಲ್ಲ, ಈ ತಪ್ಪು ಈಗಲೂ ಇದ್ದರೆ ಮೊದಲು ಒಂದು ಇಶ್ಯೂ ತೆರೆದು, ತಪ್ಪಾಗುವ ಒಂದು ಪದ ಕೊಡಿ. ಬಹಳ ಜನ ವಾಪಸ್ ಬರುವುದಿಲ್ಲ. ಬಂದವರು ನಿಜವಾಗಿ ಈ ಲೈಬ್ರರಿ ಬಳಸುವವರಾಗಿರುತ್ತಾರೆ.

ಹಂಚುವುದಕ್ಕೆ ನಿಮ್ಮಲ್ಲಿ ಸಹಜವಾದ ಗೆರೆ ಇದೆ. ಒಂದೊಂದು ಫಾಂಟಿಗೂ ಒಂದೊಂದು ಅಕ್ಷರ ಪಟ್ಟಿ ಇರುತ್ತದೆ, ನುಡಿಯದ್ದೇ ಬೇರೆ, ಶ್ರೀಲಿಪಿಯದ್ದೇ ಬೇರೆ. ಪಟ್ಟಿಯಲ್ಲಿ ತಪ್ಪಾದರೆ ಆ ಫಾಂಟ್ ಮಾತ್ರ ಕೆಡುತ್ತದೆ. ಆ ಪಟ್ಟಿಗಳನ್ನು ಬೇರೆಯವರಿಗೆ ಕೊಡಿ, ನಡುವಿನ ಮುಖ್ಯ ಕೋಡನ್ನು ಸದ್ಯ ನೀವೇ ಇಟ್ಟುಕೊಳ್ಳಿ.

ಇದೆಲ್ಲಕ್ಕೂ ಮುಂಚೆ, ಇವತ್ತೇ ರಾತ್ರಿ, ಅರ್ಕಾವೊತ್ತಿನ ಮೂರು ಪ್ಯಾಚ್ ತೆರೆಯಿರಿ. ಓದಿ, ಸರಿ ಇದ್ದರೆ ಸೇರಿಸಿ. ತಡವಾದದ್ದಕ್ಕೆ ಕ್ಷಮೆ ಕೇಳಿ. ಆಮೇಲೆ ರಾಶಿಯಲ್ಲಿ ಅರ್ಕಾವೊತ್ತಿಗೆ ಸಂಬಂಧಪಟ್ಟ ಬೇರೆ ಪುಲ್ ರಿಕ್ವೆಸ್ಟ್‌ಗಳ ಪಟ್ಟಿ ಅವರಿಗೆ ಕಳಿಸಿ, ಇವುಗಳಲ್ಲಿ ಯಾವುದು ಸರಿ ಅನಿಸುತ್ತದೆ, ನೋಡಿ ಹೇಳುತ್ತೀರಾ ಅಂತ ಕೇಳಿ.